ಕಪ್ ಗೆದ್ದುಕೊಟ್ಟ ನಾಯಕನನ್ನು ತಂಡ ಯಾಕೆ ಬಿಡುತ್ತದೆ?

2019ರ ಜೂನ್ 12, ಬಾಸ್ಟನ್. ಸ್ಟ್ಯಾನ್ಲಿ ಕಪ್ ಫೈನಲ್‌ನ ಏಳನೆಯ ಪಂದ್ಯ. ಮೊದಲ ಅವಧಿ ಮುಗಿಯಲು ಎಂಟೇ ಸೆಕೆಂಡು ಇದ್ದಾಗ ಸೇಂಟ್ ಲೂಯಿಸ್ ಬ್ಲೂಸ್ ತಂಡದ ನಾಯಕ ಅಲೆಕ್ಸ್ ಪಿಯೆಟ್ರಾಂಜೆಲೊ ಗೋಲು ಹೊಡೆದು ಅಂತರವನ್ನು 2–0 ಮಾಡಿದರು. ಪಂದ್ಯ 4–1ರಲ್ಲಿ ಮುಗಿದದ್ದರಿಂದ ದಾಖಲೆಯಲ್ಲಿ ಅದೇ ಗೆಲುವಿನ ಗೋಲು. 1967ರಿಂದ ಆಡುತ್ತಿದ್ದ ಬ್ಲೂಸ್‌ಗೆ ಅದು ಮೊದಲ ಕಪ್. ಇದಾಗಿ ಹದಿನಾರು ತಿಂಗಳಿಗೆ, 2020ರ ಅಕ್ಟೋಬರ್ 12ರಂದು, ಅದೇ ನಾಯಕ ವೇಗಾಸ್ ಗೋಲ್ಡನ್ ನೈಟ್ಸ್ ಜೊತೆ ಏಳು ವರ್ಷಕ್ಕೆ 6.16 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಬ್ಲೂಸ್‌ಗೆ ಬದಲಿಗೆ ಒಬ್ಬ ಆಟಗಾರನೂ ಸಿಗಲಿಲ್ಲ, ಒಂದು ಡಾಲರೂ ಸಿಗಲಿಲ್ಲ.

ಹಾಕಿ ಎಂದೊಡನೆ ಕೊಡಗಿನ ಮೈದಾನಗಳು ಕಣ್ಣಿಗೆ ಬರುವವರಿಗೆ ಮೊದಲೇ ಹೇಳಿಬಿಡಬೇಕು: ಇದು ಉತ್ತರ ಅಮೆರಿಕದ ಐಸ್ ಹಾಕಿ, ಎನ್‌ಎಚ್‌ಎಲ್ ಎಂಬ ಲೀಗ್‌ನ ಮಾತು; ಸ್ಟ್ಯಾನ್ಲಿ ಕಪ್ ಅದರ ಚಾಂಪಿಯನ್ ಎತ್ತುವ ಕಪ್. ಆಟ ಬೇರೆಯಾದರೂ ಪ್ರಶ್ನೆ ನಮಗೆ ಹೊಸದಲ್ಲ. 2025ರ ಐಪಿಎಲ್ ಹರಾಜಿಗೆ ಮುನ್ನ ಆರ್‌ಸಿಬಿ ಮೊಹಮ್ಮದ್ ಸಿರಾಜ್ ಅವರನ್ನು ಉಳಿಸಿಕೊಳ್ಳದೆ ಬಿಟ್ಟಾಗ, ಗುಜರಾತ್ ಅವರನ್ನು 12.25 ಕೋಟಿ ರೂಪಾಯಿಗೆ ಕೊಂಡಾಗ, ಅಭಿಮಾನಿಗಳು ಕೇಳಿದ್ದೂ ಇದನ್ನೇ. ಅಲ್ಲಿಯೂ ಪರ್ಸ್‌ಗೆ ಮಿತಿ ಇದೆ. ಆದರೆ ಐಪಿಎಲ್‌ನಲ್ಲಿ ಆಯ್ಕೆ ಕೈಕೊಟ್ಟರೆ ಮುಂದಿನ ವರ್ಷ ಆಟಗಾರನನ್ನು ಬಿಡಬಹುದು, ಪರ್ಸ್‌ಗೆ ಹಣ ಮರಳುತ್ತದೆ. ಎನ್‌ಎಚ್‌ಎಲ್‌ನಲ್ಲಿ ಹಾಗೆ ಕೈತೊಳೆದುಕೊಳ್ಳಲು ಬರುವುದಿಲ್ಲ. ಸಹಿ ಬಿದ್ದ ಕರಾರು ಏಳೆಂಟು ವರ್ಷ ಲೆಕ್ಕದಲ್ಲಿ ಕೂತೇ ಇರುತ್ತದೆ. ತಾರೆಯನ್ನು ಬಿಡುವ ನಿರ್ಧಾರದ ಬೇರು ಇರುವುದು ಇಲ್ಲಿ.

ಮಿತಿ ಮತ್ತು ಸರಾಸರಿ

2004–05ರ ಇಡೀ ಋತು ಸಂಬಳದ ಜಗಳದಲ್ಲಿ ರದ್ದಾಯಿತು. ಮುಂದಿನ ವರ್ಷದಿಂದ ಲೀಗ್ ಪ್ರತಿ ತಂಡಕ್ಕೂ ಸಂಬಳದ ಗರಿಷ್ಠ ಮಿತಿ ಹಾಕಿತು. ಮೊದಲ ವರ್ಷ ಅದು 3.9 ಕೋಟಿ ಡಾಲರ್. 2019–20ರ ಹೊತ್ತಿಗೆ 8.15 ಕೋಟಿ. ಇದು ಗಟ್ಟಿ ಮಿತಿ. ದಂಡ ಕಟ್ಟಿ ದಾಟುವ ಅವಕಾಶ, ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿರುವಂಥದ್ದು, ಇಲ್ಲಿಲ್ಲ. ಮಾಲೀಕನ ಜೇಬು ಎಷ್ಟೇ ಆಳವಿದ್ದರೂ ಉಪಯೋಗವಿಲ್ಲ.

ಮಿತಿಯ ಲೆಕ್ಕಕ್ಕೆ ಬರುವುದು ಆ ವರ್ಷ ಕೈಗೆ ಕೊಟ್ಟ ಹಣವಲ್ಲ, ಕರಾರಿನ ಒಟ್ಟು ಮೊತ್ತದ ವಾರ್ಷಿಕ ಸರಾಸರಿ. ಪಿಯೆಟ್ರಾಂಜೆಲೊ ಅವರ 6.16 ಕೋಟಿಯನ್ನು ಏಳರಿಂದ ಭಾಗಿಸಿದರೆ 88 ಲಕ್ಷ. ಮೊದಲ ವರ್ಷ ಹೆಚ್ಚು ಕೊಟ್ಟು ಕೊನೆಯ ವರ್ಷ ಕಡಿಮೆ ಕೊಟ್ಟರೂ ಲೆಕ್ಕದಲ್ಲಿ ಪ್ರತಿ ವರ್ಷ ಕೂರುವುದು 88 ಲಕ್ಷವೇ. ಹಾಗಾಗಿ ತಂಡಗಳು ಕರಾರನ್ನು ಉದ್ದ ಮಾಡಿ ಸರಾಸರಿ ಇಳಿಸಲು ನೋಡುತ್ತವೆ. ಅಂದಿನ ನಿಯಮದಲ್ಲಿ ಸ್ವಂತ ತಂಡ ಎಂಟು ವರ್ಷ ಕೊಡಬಹುದಿತ್ತು, ಹೊರಗಿನವರು ಏಳು ಮಾತ್ರ. ಅದೇ 6.16 ಕೋಟಿಯನ್ನು ಎಂಟು ವರ್ಷಕ್ಕೆ ಹರಡಿದ್ದರೆ ಸರಾಸರಿ 77 ಲಕ್ಷಕ್ಕೆ ಬರುತ್ತಿತ್ತು. ಕಾಗದದ ಮೇಲೆ ಬ್ಲೂಸ್‌ಗಿದ್ದ ದೊಡ್ಡ ಅನುಕೂಲ ಇದು. ಆದರೆ ಆ ಎಂಟನೆಯ ವರ್ಷ ಮುಗಿಯುವಾಗ ಆಟಗಾರನಿಗೆ 38. ಅನುಕೂಲ, ಅಪಾಯ ಎರಡೂ ಒಂದೇ ಸಾಲಿನಲ್ಲಿವೆ.

27 ವರ್ಷ ತುಂಬಿದ ಅಥವಾ ಲೀಗ್‌ನಲ್ಲಿ ಏಳು ಋತು ಪೂರೈಸಿದ ಆಟಗಾರ ತನ್ನ ಕರಾರು ಮುಗಿದ ದಿನ ಪೂರ್ಣ ಸ್ವತಂತ್ರ. ಅವನು ಎಲ್ಲಿ ಹೋದರೂ ಹಳೆಯ ತಂಡಕ್ಕೆ ಪರಿಹಾರವಿಲ್ಲ. ಇದಕ್ಕಿಂತ ಕಿರಿಯ ಆಟಗಾರರದು ಅರೆ ಸ್ವಾತಂತ್ರ್ಯ: ಬೇರೆ ತಂಡ ಕರೆದರೆ ಅಷ್ಟೇ ಸಂಬಳ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಹಳೆಯ ತಂಡಕ್ಕಿದೆ. ಬೇಡವೆಂದು ಬಿಟ್ಟರೆ, ಸಂಬಳದ ಮಟ್ಟಕ್ಕೆ ತಕ್ಕಂತೆ ಕರೆದ ತಂಡದ ಮುಂದಿನ ಡ್ರಾಫ್ಟ್ ಸರದಿಗಳು, ಅಂದರೆ ಹೊಸ ಕಿರಿಯ ಆಟಗಾರರನ್ನು ಆರಿಸುವ ಹಕ್ಕುಗಳು, ಸಿಗುತ್ತವೆ. 30 ವರ್ಷದ ಪಿಯೆಟ್ರಾಂಜೆಲೊ ಮೊದಲ ಗುಂಪಿನವರು.

ಬ್ಲೂಸ್ ಲೆಕ್ಕದ ಪುಸ್ತಕ

2020ರ ಬೇಸಿಗೆಯಲ್ಲಿ ಬ್ಲೂಸ್ ಪ್ರಧಾನ ವ್ಯವಸ್ಥಾಪಕ ಡಗ್ ಆರ್ಮ್‌ಸ್ಟ್ರಾಂಗ್ ಅವರ ಮುಂದಿದ್ದ ಪಟ್ಟಿಯನ್ನು ನೋಡೋಣ. ಮುಂದಿನ ಋತುವಿಗೆ ಆಗಲೇ ಬರೆದಾಗಿದ್ದ ದೊಡ್ಡ ಮೊತ್ತಗಳಿವು. ರಯಾನ್ ಒರೈಲಿ 75 ಲಕ್ಷ, ವ್ಲಾಡಿಮಿರ್ ತರಸೆಂಕೊ 75 ಲಕ್ಷ, ಬ್ರೇಡನ್ ಶೆನ್ 65, ಜಸ್ಟಿನ್ ಫಾಕ್ 65, ಅಲೆಕ್ಸಾಂಡರ್ ಸ್ಟೀನ್ 57.5, ಕೋಲ್ಟನ್ ಪರೇಕೊ 55, ಜೇಡನ್ ಶ್ವಾರ್ಟ್ಜ್ 53.5, ಟೈಲರ್ ಬೊಜಾಕ್ 50, ಗೋಲಿ ಜೋರ್ಡನ್ ಬಿನ್ನಿಂಗ್ಟನ್ 44, ಡೇವಿಡ್ ಪೆರೋನ್ 40, ಮಾರ್ಕೊ ಸ್ಕಾಂಡೆಲ್ಲಾ 32.75 ಲಕ್ಷ. ಹನ್ನೊಂದು ಜನ, ಒಟ್ಟು ಸುಮಾರು 6.13 ಕೋಟಿ.

ತಂಡದ ಪಟ್ಟಿಯಲ್ಲಿ 23 ಜನರವರೆಗೆ ಇರಬಹುದು. 8.15 ಕೋಟಿಯಲ್ಲಿ ಉಳಿದ 2.02 ಕೋಟಿ ಇನ್ನು ಹನ್ನೆರಡು ಜನಕ್ಕೆ. ಅದರಲ್ಲಿ 88 ಲಕ್ಷ ನಾಯಕನಿಗೆ ಹೋದರೆ, ಮಿಕ್ಕ ಹನ್ನೊಂದು ಜನಕ್ಕೆ ಸರಾಸರಿ 10.4 ಲಕ್ಷ. ಲೀಗ್‌ನ ಕನಿಷ್ಠ ಸಂಬಳ ಆಗ 7 ಲಕ್ಷ. ಫಾರ್ವರ್ಡ್‌ಗಳ ಮೂರನೆಯ ಸಾಲಿನಲ್ಲಿ ಆಡುವ ಆಸ್ಕರ್ ಸನ್ಡ್‌ಕ್ವಿಸ್ಟ್ ಒಬ್ಬರೇ 27.5 ಲಕ್ಷ ಪಡೆಯುತ್ತಿದ್ದರು. ಅಂದರೆ ಮೇಲಿನ ಹನ್ನೊಂದರಲ್ಲಿ ಒಬ್ಬರನ್ನಾದರೂ ಮಾರದೆ, ಅಥವಾ ಯಾರಾದರೂ ದೀರ್ಘಕಾಲದ ಗಾಯದ ಪಟ್ಟಿಗೆ ಹೋಗದೆ, ಲೆಕ್ಕ ಕೂಡುವಂತಿರಲಿಲ್ಲ. ಎರಡನೆಯ ಗೋಲಿ ಜೇಕ್ ಅಲೆನ್ ಅವರನ್ನು, 43.5 ಲಕ್ಷದ ಭಾರ ಇಳಿಸಲೆಂದೇ, ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್‌ಗೆ ಕಳಿಸಿಯಾಗಿತ್ತು. ಅದಾದ ಮೇಲಿನ ಚಿತ್ರ ಇದು.

ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಸಂಖ್ಯೆಗಿಂತ ಹೆಚ್ಚಾಗಿ ತಾರೀಖು. ಫಾಕ್ ಅವರನ್ನು ಕ್ಯಾರೊಲೈನಾದಿಂದ ತಂದು ಏಳು ವರ್ಷದ ವಿಸ್ತರಣೆ ಕೊಟ್ಟಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಶೆನ್ ಅವರಿಗೆ ಎಂಟು ವರ್ಷ ಕೊಟ್ಟಿದ್ದು ಅಕ್ಟೋಬರ್‌ನಲ್ಲಿ. ಎರಡೂ ಕರಾರು ಜಾರಿಗೆ ಬರುವುದು 2020–21ರಿಂದ, ಅಂದರೆ ನಾಯಕನ ಹೊಸ ಕರಾರು ಶುರುವಾಗಬೇಕಿದ್ದ ಅದೇ ವರ್ಷದಿಂದ. ನಾಯಕ ಹೊರಟದ್ದು 2020ರಲ್ಲಾದರೂ ಬಾಗಿಲು ತೆರೆದದ್ದು ಅದಕ್ಕೂ ಒಂದು ವರ್ಷ ಮೊದಲು, ಕಪ್ ಗೆದ್ದ ಬೇಸಿಗೆಯ ಬೆನ್ನಿಗೇ. ತಂಡವೊಂದು ತನ್ನ ತಾರೆಯನ್ನು ಬಿಡುತ್ತದೆಯೇ ಎಂದು ತಿಳಿಯಬೇಕಾದರೆ ಅವನ ಮಾತುಕತೆಯ ಸುದ್ದಿ ಓದುವುದಕ್ಕಿಂತ ಅದೇ ಸ್ಥಾನದ ಇನ್ನೊಬ್ಬನಿಗೆ ಯಾವಾಗ, ಎಷ್ಟು ವರ್ಷಕ್ಕೆ ಬರೆದುಕೊಟ್ಟರು ಎಂದು ನೋಡುವುದು ಮೇಲು.

ಇಷ್ಟಕ್ಕೂ ಆರ್ಮ್‌ಸ್ಟ್ರಾಂಗ್ ಆ ಕರಾರುಗಳನ್ನು ಬರೆದಾಗ ಕಣ್ಣುಮುಚ್ಚಿ ಬರೆದಿರಲಿಲ್ಲ. ಮಿತಿ ವರ್ಷ ವರ್ಷ ಏರುತ್ತಿತ್ತು. 2020ರ ಮಾರ್ಚ್ ಮೊದಲ ವಾರದಲ್ಲಿ ಲೀಗ್ ಮುಂದಿನ ಋತುವಿಗೆ 8.4 ಕೋಟಿಯಿಂದ 8.82 ಕೋಟಿಯವರೆಗೆ ಅಂದಾಜು ಕೊಟ್ಟಿತ್ತು. ಮಾರ್ಚ್ 12ಕ್ಕೆ ಕೋವಿಡ್‌ನಿಂದ ಆಟ ನಿಂತಿತು. ಟಿಕೆಟ್ ವರಮಾನ ನಿಂತರೆ ಮಿತಿ ಏರುವಂತಿಲ್ಲ, ಏಕೆಂದರೆ ಲೀಗ್ ವರಮಾನವನ್ನು ಆಟಗಾರರು ಮತ್ತು ಮಾಲೀಕರು ಅರ್ಧರ್ಧ ಹಂಚಿಕೊಳ್ಳುವ ಒಪ್ಪಂದದ ಮೇಲೆ ಅದು ನಿಂತಿದೆ. ಮಿತಿ 8.15ರಲ್ಲೇ ಹೆಪ್ಪುಗಟ್ಟಿ 2021–22ರವರೆಗೂ ಹಾಗೇ ಇತ್ತು. ಅಂದಾಜಿನ ಮೇಲ್ತುದಿಗೂ ನಿಜಕ್ಕೂ ಇದ್ದ ಅಂತರ 67 ಲಕ್ಷ. ಒಬ್ಬ ತಾರೆಯ ಸಂಬಳದಷ್ಟು ಹಣ ಮಾರ್ಚ್ ತಿಂಗಳಲ್ಲಿ ಆವಿಯಾಯಿತು.

ಬಲಗೈ, ಎಡಗೈ ಮತ್ತು 24 ನಿಮಿಷ

ಪಂದ್ಯಕ್ಕೆ ಇಳಿಯುವುದು 12 ಫಾರ್ವರ್ಡ್, 6 ಡಿಫೆಂಡರ್, 2 ಗೋಲಿ. ಡಿಫೆಂಡರ್‌ಗಳು ಜೋಡಿಯಾಗಿ ಆಡುತ್ತಾರೆ. 60 ನಿಮಿಷದ ಆಟದಲ್ಲಿ ಎರಡು ಸ್ಥಾನ ಎಂದರೆ ಹಂಚಲು 120 ನಿಮಿಷ. ಸಮವಾಗಿ ಹಂಚಿದರೆ ತಲೆಗೆ 20. ಮೊದಲ ಜೋಡಿಯ ತಾರೆ 24–25 ನಿಮಿಷ ಎಳೆಯುತ್ತಾನೆ, ಮೂರನೆಯ ಜೋಡಿಗೆ 14–16 ಉಳಿಯುತ್ತದೆ. ಪಿಯೆಟ್ರಾಂಜೆಲೊ ಸುಮಾರು 24 ನಿಮಿಷ ಆಡುತ್ತಿದ್ದರು, ಅದೂ ಎದುರಾಳಿಯ ಅತ್ಯುತ್ತಮ ಸಾಲಿನ ವಿರುದ್ಧ. ತಮ್ಮ ತಂಡಕ್ಕೆ ಒಬ್ಬ ಹೆಚ್ಚು ಇದ್ದಾಗಿನ ಪವರ್‌ಪ್ಲೇಯಲ್ಲೂ ಅವರೇ, ಒಬ್ಬ ಕಡಿಮೆ ಇದ್ದಾಗ ತಡೆಯುವ ಕೆಲಸಕ್ಕೂ ಅವರೇ. 2019–20ರಲ್ಲಿ 70 ಪಂದ್ಯಕ್ಕೆ 16 ಗೋಲು, 36 ಅಸಿಸ್ಟ್. ಎಲ್ಲ ಕೆಲಸಕ್ಕೂ ಒದಗುವ ಇಂಥ ಡಿಫೆಂಡರ್ ಲೀಗ್‌ನಲ್ಲಿ ಬೆರಳೆಣಿಕೆಯಷ್ಟು.

ಹಾಗಿದ್ದೂ ಬ್ಲೂಸ್‌ಗೆ ಧೈರ್ಯ ಬಂದದ್ದು ಹೇಗೆ? ಕೋಲು ಹಿಡಿಯುವ ಕೈಯಿಂದ. ಬಲಗೈ ಕೋಲಿನ ಡಿಫೆಂಡರ್ ಬಲಬದಿಯಲ್ಲಿ ನಿಂತರೆ ಗೋಡೆಗುಂಟ ಬರುವ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಅವನ ಕೋಲಿನ ಮುಖಕ್ಕೆ ನೇರ ಸಿಗುತ್ತದೆ, ಒಂದೇ ಏಟಿಗೆ ದಾಟಿಸಬಹುದು. ತಪ್ಪು ಬದಿಯಲ್ಲಿ ನಿಂತರೆ ಪಕ್ಕನ್ನು ಬ್ಯಾಕ್‌ಹ್ಯಾಂಡ್‌ನಲ್ಲಿ ಹಿಡಿದು, ಮೈ ತಿರುಗಿಸಿ ಆಡಬೇಕು. ಎದುರಾಳಿ ಮೈಮೇಲೆ ಬೀಳಲು ಆ ಅರೆಗಳಿಗೆ ಸಾಕು. ಆದ್ದರಿಂದ ತಂಡಗಳು ಮೂರು ಎಡ, ಮೂರು ಬಲ ಎಂದು ಜೋಡಿ ಕಟ್ಟುತ್ತವೆ. ಪಿಯೆಟ್ರಾಂಜೆಲೊ ಬಲಗೈ. ಪರೇಕೊ ಬಲಗೈ, ಫಾಕ್ ಬಲಗೈ. ಮೂರು ದೊಡ್ಡ ಸಂಬಳ ಒಂದೇ ಬದಿಯಲ್ಲಿ. ಇನ್ನೊಂದು ಬದಿಯಲ್ಲಿ ಹಿರಿಯ ಜೇ ಬೌಮೀಸ್ಟರ್ 2020ರ ಫೆಬ್ರವರಿಯಲ್ಲಿ ಪಂದ್ಯದ ನಡುವೆಯೇ ಹೃದಯದ ತೊಂದರೆಯಿಂದ ಬೆಂಚಿನಲ್ಲಿ ಕುಸಿದರು, ಮತ್ತೆ ಆಡಲಿಲ್ಲ. ಬಲಬದಿ ತುಂಬಿ ತುಳುಕುತ್ತಿತ್ತು, ಎಡಬದಿ ಖಾಲಿ.

ಆದ್ದರಿಂದ ಸ್ವತಂತ್ರ ಆಟಗಾರರ ಸಂತೆ ತೆರೆದ ಅಕ್ಟೋಬರ್ 9ರಂದೇ, ನಾಯಕ ಇನ್ನೂ ಎಲ್ಲೂ ಸಹಿ ಹಾಕದಿದ್ದಾಗ, ಬ್ಲೂಸ್ ಬಾಸ್ಟನ್‌ನ ಎಡಗೈ ಡಿಫೆಂಡರ್ ಟೋರಿ ಕ್ರುಗ್ ಅವರಿಗೆ ಏಳು ವರ್ಷ, 4.55 ಕೋಟಿ ಬರೆದುಕೊಟ್ಟಿತು. ವರ್ಷಕ್ಕೆ 65 ಲಕ್ಷ. ನಾಯಕನಿಗಿಂತ 23 ಲಕ್ಷ ಅಗ್ಗ, ಒಂದು ವರ್ಷ ಕಿರಿಯ, ಖಾಲಿ ಇರುವ ಬದಿಯವರು. ಲೆಕ್ಕಿಗನ ಕಣ್ಣಿಗೆ ಇದಕ್ಕಿಂತ ಚೆಂದದ ಅದಲುಬದಲು ಇಲ್ಲ. ತೊಡಕು ಆಟದಲ್ಲಿತ್ತು. ಕ್ರುಗ್ ಐದಡಿ ಒಂಬತ್ತಂಗುಲದವರು, ಪವರ್‌ಪ್ಲೇ ನಡೆಸುವುದರಲ್ಲಿ ನಿಸ್ಸೀಮರು. ಆರಡಿ ಮೂರಂಗುಲದ ಪಿಯೆಟ್ರಾಂಜೆಲೊ ಮಾಡುತ್ತಿದ್ದ ಕೆಲಸದಲ್ಲಿ ಅವರು ಮಾಡಬಲ್ಲದ್ದು ಒಂದು ಭಾಗ ಮಾತ್ರ. ಎದುರಾಳಿಯ ದೈತ್ಯರನ್ನು ಗೋಲಿನ ಮುಂದಿಂದ ನೂಕುವ, ಪೆನಾಲ್ಟಿ ತಡೆಯುವ ನಿಮಿಷಗಳನ್ನು ಪರೇಕೊ ಮತ್ತು ಫಾಕ್ ಹೊರಬೇಕಾಯಿತು. 2020–21ರಲ್ಲಿ ಪರೇಕೊ ಬೆನ್ನುನೋವಿನಿಂದ ಬಹಳ ಪಂದ್ಯ ತಪ್ಪಿಸಿಕೊಂಡಾಗ ಆ ಹೊರೆ ಹೊರಲು ಯಾರೂ ಉಳಿಯಲಿಲ್ಲ. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಕೊಲರಾಡೊ ಅವರನ್ನು 4–0ರಲ್ಲಿ ಗುಡಿಸಿಹಾಕಿತು.

ಹಣವಲ್ಲ, ಷರತ್ತು

ಮಾತುಕತೆ ಮುರಿದದ್ದು 88 ಲಕ್ಷಕ್ಕೆ ಎಂದುಕೊಂಡರೆ ಅರ್ಧ ಮಾತ್ರ ಸರಿ. ಆಗಿನ ವರದಿಗಳೆಲ್ಲ ಬೊಟ್ಟು ಮಾಡಿದ್ದು ಎರಡು ಷರತ್ತುಗಳ ಕಡೆಗೆ: ಸಹಿ ಬೋನಸ್, ಮತ್ತು ತನ್ನ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳಿಸಕೂಡದೆಂಬ ಕರಾರು. ಬ್ಲೂಸ್ ಎರಡಕ್ಕೂ ಹಿಂಜರಿಯಿತು, ವೇಗಾಸ್ ಎರಡನ್ನೂ ಕೊಟ್ಟಿತು.

ಸಹಿ ಬೋನಸ್ ಎಂದರೆ ಸಹಿ ಹಾಕಿದ ದಿನ ಒಮ್ಮೆ ಕೊಡುವ ಬಹುಮಾನ ಎಂದು ಹೆಸರಿನಿಂದ ತೋರುತ್ತದೆ. ಇಲ್ಲಿ ಅದು ಪ್ರತಿ ವರ್ಷದ ಸಂಬಳದ ಒಂದು ಪಾಲು, ಸಾಮಾನ್ಯವಾಗಿ ಜುಲೈ 1ಕ್ಕೆ ಒಂದೇ ಗಂಟಿನಲ್ಲಿ ಕೈಸೇರುವಂಥದ್ದು. ಆಟ ಶುರುವಾಗುವ ಮೊದಲೇ ಹಣ ಬರುವುದರಿಂದ ಋತು ರದ್ದಾದರೂ, ಮುಷ್ಕರವಾದರೂ ಆಟಗಾರನಿಗೆ ಚಿಂತೆಯಿಲ್ಲ. ಕೋವಿಡ್ ವರ್ಷದಲ್ಲಿ ಆಟಗಾರರೆಲ್ಲ ಇದನ್ನು ಯಾಕೆ ಬಯಸಿದರೆಂದು ಬಿಡಿಸಿ ಹೇಳಬೇಕಿಲ್ಲ.

ತಂಡಕ್ಕೆ ಅದು ಕಹಿಯಾಗುವುದು ಕರಾರು ಮುರಿಯುವಾಗ. ನಿಯಮ ಹೀಗಿದೆ: 26 ತುಂಬಿದ ಆಟಗಾರನನ್ನು ನಡುವೆ ಕೈಬಿಟ್ಟರೆ ಉಳಿದ ಸಂಬಳದ ಮೂರನೆಯ ಎರಡು ಪಾಲನ್ನು, ಉಳಿದ ವರ್ಷಗಳ ಎರಡರಷ್ಟು ಅವಧಿಗೆ ಹರಡಿ ಕೊಡಬೇಕು. ಬೋನಸ್‌ಗೆ ಈ ಕಡಿತ ಇಲ್ಲ, ಪೂರ್ತಿ ಕೊಡಲೇಬೇಕು. ಒಂದು ಕಲ್ಪಿತ ಲೆಕ್ಕ ನೋಡಿ. ಎರಡು ವರ್ಷ ಉಳಿದ, ವರ್ಷಕ್ಕೆ 60 ಲಕ್ಷದ ಕರಾರು. ಇಡೀ 60 ಸಂಬಳವಾಗಿದ್ದರೆ ಒಟ್ಟು 120ರ ಮೂರನೆಯ ಎರಡು ಪಾಲು, 80 ಲಕ್ಷ, ನಾಲ್ಕು ವರ್ಷಕ್ಕೆ ತಲಾ 20. ಮಿತಿಯ ಲೆಕ್ಕದಲ್ಲಿ ಮೊದಲೆರಡು ವರ್ಷ ತಲಾ 40 ಲಕ್ಷ ಬಿಡುವು. ಅದೇ 60ರಲ್ಲಿ 50 ಬೋನಸ್, 10 ಸಂಬಳವಾಗಿದ್ದರೆ? ಕಡಿತ ತಾಗುವುದು ಎರಡು ವರ್ಷದ 20 ಲಕ್ಷಕ್ಕೆ ಮಾತ್ರ. ವರ್ಷಕ್ಕೆ ಸಿಗುವ ಬಿಡುವು 6.67 ಲಕ್ಷ. ಆಟಗಾರ ಮನೆಯಲ್ಲಿದ್ದರೂ 53.33 ಲಕ್ಷ ಮಿತಿಯಲ್ಲಿ ಕೂತಿರುತ್ತದೆ, ಆಮೇಲಿನ ಎರಡು ವರ್ಷ ಇನ್ನೂ 3.33 ಲಕ್ಷ ಬಾಲ. ಹೀಗಾಗಿ ಬೋನಸ್ ತುಂಬಿದ ಕರಾರನ್ನು ಮುರಿಯುವುದೂ ಒಂದೇ, ಮುರಿಯದಿರುವುದೂ ಒಂದೇ.

ಮುರಿಯಲಾಗದಿದ್ದರೆ ಬೇರೆ ತಂಡಕ್ಕೆ ದಾಟಿಸಬಹುದಲ್ಲ ಎಂದರೆ, ಆ ದಾರಿಗೆ ಅಡ್ಡ ನಿಲ್ಲುವುದೇ ಎರಡನೆಯ ಷರತ್ತು. ಇದರಲ್ಲಿ ಎರಡು ಬಗೆ. ಬರೀ ವರ್ಗಾವಣೆ ತಡೆಯುವುದು ಒಂದು. ವರ್ಗಾವಣೆಯ ಜೊತೆಗೆ ಕೆಳಗಿನ ಲೀಗ್‌ಗೆ ಇಳಿಸುವುದನ್ನೂ ತಡೆಯುವ ಪೂರ್ಣ ಬಗೆ ಇನ್ನೊಂದು. ಹೊಸ ತಂಡ ಲೀಗಿಗೆ ಬಂದಾಗ ಹಳೆಯ ತಂಡಗಳ ರಕ್ಷಿತರ ಪಟ್ಟಿಯ ಹೊರಗಿರುವವರಲ್ಲಿ ತಲಾ ಒಬ್ಬರನ್ನು ಎತ್ತಿಕೊಳ್ಳುತ್ತದೆ; ಪೂರ್ಣ ಬಗೆಯ ಷರತ್ತಿದ್ದವರನ್ನು ಕಡ್ಡಾಯವಾಗಿ ಆ ಪಟ್ಟಿಗೂ ಸೇರಿಸಬೇಕು. 2021ರಲ್ಲಿ ಸಿಯಾಟಲ್ ಬರುವುದಿತ್ತು. ಪ್ರತಿ ತಂಡ ಏಳು ಫಾರ್ವರ್ಡ್, ಮೂರು ಡಿಫೆಂಡರ್, ಒಬ್ಬ ಗೋಲಿಯನ್ನು ಉಳಿಸಿಕೊಳ್ಳಬಹುದು, ಇಲ್ಲವೇ ಯಾವುದೇ ಸ್ಥಾನದ ಎಂಟು ಜನ ಮತ್ತು ಒಬ್ಬ ಗೋಲಿ. ವೇಗಾಸ್ ಇತ್ತೀಚೆಗೆ ಬಂದ ತಂಡವೆಂದು ಅದಕ್ಕೆ ವಿನಾಯಿತಿ. ಒಂದೇ ಷರತ್ತು ಒಬ್ಬರಿಗೆ ಹೊರೆ, ಇನ್ನೊಬ್ಬರಿಗೆ ಪುಕ್ಕಟೆ.

ತೆರಿಗೆಯ ಮಾತೂ ಬರುತ್ತದೆ. ಮಿಸ್ಸೂರಿ ರಾಜ್ಯದ ಆದಾಯ ತೆರಿಗೆಯ ಮೇಲ್ದರ ಆಗ 5.4%, ಜೊತೆಗೆ ಸೇಂಟ್ ಲೂಯಿಸ್ ನಗರದ್ದು 1%. ನೆವಾಡಾದಲ್ಲಿ ರಾಜ್ಯ ಆದಾಯ ತೆರಿಗೆಯೇ ಇಲ್ಲ. ಆದರೆ ಹೊರ ಊರಿನ ಪಂದ್ಯಗಳ ದಿನಗಳಿಗೆ ಆಯಾ ರಾಜ್ಯಗಳು ತೆರಿಗೆ ಹಿಡಿಯುವುದರಿಂದ ಉಳಿತಾಯ ಅಭಿಮಾನಿಗಳು ಊಹಿಸಿದಷ್ಟಿರುವುದಿಲ್ಲ. ಸಮನಾದ ಎರಡು ಕರೆಗಳ ನಡುವೆ ತೂಕ ವಾಲಿಸಲು ಸಾಕು, ಅಷ್ಟೇ.

ವಯಸ್ಸು ಮೊದಲು ಎಲ್ಲಿ ಹಿಡಿಯುತ್ತದೆ

ಡಿಫೆಂಡರ್ ಅನುಭವದಿಂದ ಪಕ್ವವಾಗುತ್ತಾನೆ ಎಂಬ ಮಾತಿದೆ. ನಿಜ, 23–24ರವರೆಗೂ ಹಲವರು ಕಲಿಯುತ್ತಲೇ ಇರುತ್ತಾರೆ. ಆದರೆ ಬಹುಮಂದಿಯ ಏರುಗಾಲ ಇಪ್ಪತ್ತರ ಕೊನೆಗೆ ಮುಗಿಯುತ್ತದೆ. ಡಿಫೆಂಡರ್‌ನ ಕಷ್ಟದ ಕೆಲಸ ಹಿಮ್ಮುಖವಾಗಿ ಸ್ಕೇಟ್ ಮಾಡುತ್ತ, ಎದುರಿನಿಂದ ಪೂರ್ಣ ವೇಗದಲ್ಲಿ ಬರುವವನೊಂದಿಗೆ ಒಂದು ಕೋಲಿನ ಅಂತರ ಕಾಯ್ದುಕೊಂಡು, ಅವನು ತಿರುಗಿದ ಕ್ಷಣಕ್ಕೆ ಸೊಂಟ ತಿರುಗಿಸಿ ಮುಮ್ಮುಖವಾಗುವುದು. ಸೊಂಟ ಮತ್ತು ಪಾದದ ಕೀಲು ಅರ್ಧ ಗಳಿಗೆ ತಡಮಾಡಿದರೂ ಆ ಅಂತರ ಎರಡು ಕೋಲಿನಷ್ಟಾಗುತ್ತದೆ. ಆಗ ಡಿಫೆಂಡರ್ ಮುಂಚೆಯೇ ಹಿಂದೆ ಸರಿಯತೊಡಗುತ್ತಾನೆ, ತನ್ನ ರಕ್ಷಣಾ ವಲಯದ ಅಂಚಾದ ನೀಲಿ ಗೆರೆಯನ್ನು ಎದುರಾಳಿಗೆ ಬಿಟ್ಟುಕೊಡುತ್ತಾನೆ. ಪಾಯಿಂಟ್‌ಗಳ (ಗೋಲು ಮತ್ತು ಅಸಿಸ್ಟ್‌ಗಳ ಮೊತ್ತ) ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಪವರ್‌ಪ್ಲೇಯಲ್ಲಿ ನಿಂತು ಪಾಸ್ ಕೊಡುವ ಕೈ 35ರವರೆಗೂ ಚೆನ್ನಾಗಿರಬಹುದು. ತಂಡಗಳು ಮೋಸಹೋಗುವುದು ಹೀಗೆ: ಅಂಕಗಳು ಉಳಿದಿರುತ್ತವೆ, ಕಾಲು ಹೋಗಿರುತ್ತದೆ. ಸೇಂಟ್ ಲೂಯಿಸ್‌ಗಾಗಿ 758 ಪಂದ್ಯ ಆಡಿ, ಹೊಡೆತಗಳಿಗೆ ಮೈಯೊಡ್ಡಿದ 30ರ ದೇಹಕ್ಕೆ ಇನ್ನು ಏಳೆಂಟು ವರ್ಷ ಬರೆದುಕೊಡುವಾಗ ಈ ಲೆಕ್ಕವನ್ನು ಯಾವ ವ್ಯವಸ್ಥಾಪಕನೂ ಬಿಡುವಂತಿಲ್ಲ.

ಹಾಗಾದರೆ ಮೊದಲೇ ಮಾರಿಬಿಡಬಾರದಿತ್ತೇ, ನಾಲ್ಕು ಡ್ರಾಫ್ಟ್ ಸರದಿಯಾದರೂ ಬರುತ್ತಿತ್ತಲ್ಲ? ವರ್ಗಾವಣೆಯ ಕೊನೆಯ ದಿನ 2020ರ ಫೆಬ್ರವರಿ 24. ಆಗ ಬ್ಲೂಸ್ ಪಶ್ಚಿಮ ವಿಭಾಗದ ಅಗ್ರಸ್ಥಾನಕ್ಕೆ ಸೆಣಸುತ್ತಿದ್ದ ಹಾಲಿ ಚಾಂಪಿಯನ್. ಅಂಥ ತಂಡ ಏಪ್ರಿಲ್‌ಗೆ ಮುನ್ನ ನಾಯಕನನ್ನು ಮಾರಿದರೆ ಡ್ರೆಸ್ಸಿಂಗ್ ರೂಮೂ ಕ್ಷಮಿಸುವುದಿಲ್ಲ, ಊರೂ ಕ್ಷಮಿಸುವುದಿಲ್ಲ. ಗೆಲ್ಲುವ ತಂಡದ ತಾರೆ ಬರಿಗೈಯಲ್ಲೇ ಹೋಗುವುದು ಹೆಚ್ಚು. ಅವನ ಕೊನೆಯ ಆರು ತಿಂಗಳ ಆಟವೇ ತಂಡಕ್ಕೆ ಸಿಗುವ ಬೆಲೆ ಎಂದು ಲೆಕ್ಕ ಹಾಕಿರುತ್ತಾರೆ. ಬ್ಲೂಸ್‌ಗೆ ಆ ಬೆಲೆಯೂ ಪೂರ್ತಿ ಸಿಗಲಿಲ್ಲ, ಕೋವಿಡ್‌ನಿಂದಾಗಿ ಹೊರಗಿನವರಿಂದ ದೂರವಿಟ್ಟು ನಡೆಸಿದ ‘ಬಬಲ್’ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ವ್ಯಾಂಕೂವರ್‌ಗೆ ಸೋತರು.

ಎರಡು ಖಾತೆಗಳ ಮುಂದಿನ ಪುಟ

ನಾಯಕನನ್ನು ಬಿಟ್ಟದ್ದು ತಪ್ಪಲ್ಲ, ಬಿಟ್ಟು ಉಳಿಸಿದ ಜಾಗದಲ್ಲಿ ಮಾಡಿದ್ದು ತಪ್ಪು ಎಂಬುದು ಈ ಲೇಖನದ ನಿಲುವು. 30ರ ಒಬ್ಬನಿಗೆ ಏಳು ವರ್ಷ ಅಪಾಯ ಎಂದು ಕೈಬಿಟ್ಟ ತಂಡ 29ರ ಇನ್ನೊಬ್ಬನಿಗೆ ಅದೇ ಏಳು ವರ್ಷ ಬರೆಯಿತು. ಅಪಾಯ ಕಡಿಮೆಯಾಗಲಿಲ್ಲ, ಬೆಲೆ ಮಾತ್ರ ಕಡಿಮೆಯಾಯಿತು. ಪರೇಕೊಗೆ 2021ರಲ್ಲಿ ಎಂಟು ವರ್ಷ, ಅವರಿಗೂ 65 ಲಕ್ಷ. ಮೂವರು ಡಿಫೆಂಡರ್, ಮೂರು 65 ಲಕ್ಷ, ಮೂರೂ ದೀರ್ಘ ಕರಾರು.

ಅದರ ಮೊದಲ ಬಿಲ್ 2021ರ ಜುಲೈನಲ್ಲೇ ಬಂತು. ಸಿಯಾಟಲ್ ಆಯ್ಕೆಗೆ ಬ್ಲೂಸ್ ಉಳಿಸಿಕೊಂಡದ್ದು ಫಾಕ್, ಕ್ರುಗ್, ಪರೇಕೊ. ಪಟ್ಟಿಯ ಹೊರಗುಳಿದ, 18.75 ಲಕ್ಷದ, 24 ವರ್ಷದ ಎಡಗೈ ಡಿಫೆಂಡರ್ ವಿನ್ಸ್ ಡನ್ ಅವರನ್ನು ಸಿಯಾಟಲ್ ಎತ್ತಿಕೊಂಡಿತು. 2022–23ರಲ್ಲಿ ಡನ್ 64 ಪಾಯಿಂಟ್ ಗಳಿಸಿದರು. ಕ್ರುಗ್ ಅವರಿಗೆ 65 ಲಕ್ಷ ಕೊಟ್ಟು ತುಂಬಿಸಿದ ಎಡಬದಿಗೆ ಮನೆಯಲ್ಲೇ ಒಬ್ಬರು ಬೆಳೆಯುತ್ತಿದ್ದರು! 2023ರ ಬೇಸಿಗೆಯಲ್ಲಿ ಕ್ರುಗ್ ಅವರನ್ನು ಫಿಲಡೆಲ್ಫಿಯಾಕ್ಕೆ ಕಳಿಸುವ ಮಾತು ಬಂದಾಗ ವರ್ಗಾವಣೆ ತಡೆಯ ಷರತ್ತು ಅಡ್ಡ ಬಂತು, ಅವರು ಒಪ್ಪಲಿಲ್ಲ. ಒಪ್ಪಬೇಕಾದ ಕಾರಣವೂ ಅವರಿಗಿರಲಿಲ್ಲ. 2023 ಮತ್ತು 2024, ಎರಡೂ ವರ್ಷ ಬ್ಲೂಸ್ ಪ್ಲೇಆಫ್ ತಲುಪಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕ್ರುಗ್ ಅವರ ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ ಅನಿವಾರ್ಯವೆಂದು ಗೊತ್ತಾಗಿ ಇಡೀ ಋತು ಕೈತಪ್ಪಿತು.

ಬ್ಲೂಸ್ ಪಾಠ ಕಲಿತ ಗುರುತು ಅದಕ್ಕೂ ಒಂದು ತಿಂಗಳು ಮೊದಲು ಕಾಣಿಸಿತು. ಮಿತಿಗೆ ಒತ್ತಿಕೊಂಡು ಒದ್ದಾಡುತ್ತಿದ್ದ ಎಡ್ಮಂಟನ್‌ನ ಇಬ್ಬರು ಅರೆ ಸ್ವತಂತ್ರ ಕಿರಿಯರಿಗೆ ಅವರು ಕರೆ ಕಳಿಸಿದರು. ಎಡಗೈ ಡಿಫೆಂಡರ್ ಫಿಲಿಪ್ ಬ್ರೊಬರ್ಗ್‌ಗೆ ಎರಡು ವರ್ಷ, ವರ್ಷಕ್ಕೆ ಸುಮಾರು 45.8 ಲಕ್ಷ. ಫಾರ್ವರ್ಡ್ ಡಿಲನ್ ಹಾಲೊವೆಗೆ ಸುಮಾರು 22.9 ಲಕ್ಷ. ಎಡ್ಮಂಟನ್ ಸರಿಗಟ್ಟಲಿಲ್ಲ. ಬ್ಲೂಸ್ ತೆತ್ತದ್ದು ಒಂದು ಎರಡನೆಯ ಸುತ್ತಿನ, ಒಂದು ಮೂರನೆಯ ಸುತ್ತಿನ ಡ್ರಾಫ್ಟ್ ಸರದಿ. ಚಿಕ್ಕ ಅವಧಿ, ಚಿಕ್ಕ ವಯಸ್ಸು, ಕಳೆದುಕೊಂಡರೂ ತಾಳಿಕೊಳ್ಳಬಹುದಾದ ಬೆಲೆ.

ವೇಗಾಸ್ ಖಾತೆಯೂ ಪುಕ್ಕಟೆಯದಲ್ಲ. ಪಿಯೆಟ್ರಾಂಜೆಲೊ ಸಹಿ ಹಾಕಿದ ದಿನವೇ 59.5 ಲಕ್ಷದ ಡಿಫೆಂಡರ್ ನೇಟ್ ಶ್ಮಿಟ್ ಅವರನ್ನು ಒಂದು ಮೂರನೆಯ ಸುತ್ತಿನ ಸರದಿಗೆ ವ್ಯಾಂಕೂವರ್‌ಗೆ ದಾಟಿಸಿದರು. ಮುಂದಿನ ವರ್ಷ ಲೀಗ್‌ನ ಅತ್ಯುತ್ತಮ ಗೋಲಿ ಪ್ರಶಸ್ತಿ ಆಗಷ್ಟೇ ಪಡೆದಿದ್ದ ಮಾರ್ಕ್-ಆಂದ್ರೆ ಫ್ಲೂರಿ ಶಿಕಾಗೊಗೆ ಹೋದರು, ಅದರ ಮುಂದಿನ ವರ್ಷ ಮ್ಯಾಕ್ಸ್ ಪ್ಯಾಚಿಯೊರೆಟಿ ಕ್ಯಾರೊಲೈನಾಕ್ಕೆ. ಎರಡೂ ಸಲ ಕೈಗೆ ಬಂದದ್ದು ಹೆಚ್ಚುಕಡಿಮೆ ಸೊನ್ನೆ. 2022ರಲ್ಲಿ ತಂಡ ತನ್ನ ಇತಿಹಾಸದಲ್ಲೇ ಮೊದಲ ಬಾರಿ ಪ್ಲೇಆಫ್ ತಪ್ಪಿಸಿಕೊಂಡಿತು. 2023ರಲ್ಲಿ ಫ್ಲಾರಿಡಾವನ್ನು ಐದು ಪಂದ್ಯಗಳಲ್ಲಿ ಮಣಿಸಿ ಕಪ್ ಎತ್ತಿತು, ರಕ್ಷಣೆಯ ಮುಂಚೂಣಿಯಲ್ಲಿ ಪಿಯೆಟ್ರಾಂಜೆಲೊ.

2025ರ ಜೂನ್ ಕೊನೆಗೆ, ಕರಾರಿನಲ್ಲಿ ಎರಡು ವರ್ಷ ಬಾಕಿ ಇರುವಾಗ, ಸೊಂಟದ ಗಾಯದಿಂದ ಅವರು ಆಟದಿಂದ ಸರಿದರು. ಗಾಯದ ಪಟ್ಟಿಯ ನಿಯಮ ಅವರ ಮೊತ್ತದಷ್ಟು ಮಿತಿ ದಾಟಲು ತಂಡಕ್ಕೆ ದಾರಿ ಕೊಡುತ್ತದೆ. ಅದೇ ದಿನಗಳಲ್ಲಿ ವೇಗಾಸ್ ಟೊರೊಂಟೊದಿಂದ ಮಿಚ್ ಮಾರ್ನರ್ ಅವರನ್ನು ವರ್ಷಕ್ಕೆ 1.2 ಕೋಟಿ ಡಾಲರ್‌ನ ಎಂಟು ವರ್ಷದ ಕರಾರಿನಲ್ಲಿ ತಂದಿತು. ಬ್ಲೂಸ್ ಹೆದರಿದ್ದ ವಯಸ್ಸು ಐದು ಋತುಗಳ ನಂತರ ಬಂದೇ ಬಂತು, ಆದರೆ ಬಂದಾಗ ಎದುರಾದದ್ದು ಆಗಲೇ ಕಪ್ ಗೆದ್ದಿದ್ದ ತಂಡ. 88 ಲಕ್ಷದ ಕರಾರು, 65 ಲಕ್ಷದ ಕ್ರುಗ್ ಕರಾರು, ಎರಡೂ ಕಾಗದದ ಮೇಲೆ 2027ರ ಬೇಸಿಗೆಯವರೆಗೆ ಇವೆ.